ಕಳೆದ ಸಲ ಒಳಗೆ ಬಂದವರು

ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಬರೆದು ಎಂಟರ್ ಒತ್ತಿದ ಕೂಡಲೇ ಮೊದಲು ಬರುತ್ತಿದ್ದುದು ಒಂದು ಸಾಲು. ಕಳೆದ ಸಲ ಒಳಗೆ ಬಂದದ್ದು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಎಂದು ಅದು ಹೇಳುತ್ತಿತ್ತು. ‘ಲಾಸ್ಟ್ ಲಾಗಿನ್’ ಎಂದು ಶುರುವಾಗುವ ಆ ಸಾಲನ್ನು ಕೆಲಸ ಗೊತ್ತಿರುವವರು ಯಾರೂ ಓದುವುದಿಲ್ಲ ಎಂದು ನಮ್ಮ ಯಜಮಾನರು ನಗುತ್ತಿದ್ದರು. ನಾನು ಓದುತ್ತಿದ್ದೆ. ಯಾಕೆಂದರೆ ಆ ಸಾಲು ಹೇಳುತ್ತಿದ್ದುದು ಎಷ್ಟೋ ಸಲ ನನ್ನ ಬಗ್ಗೆ ಅಲ್ಲ, ಅಂಬತ್ತೂರಿನಲ್ಲಿದ್ದ ಇನ್ನೊಬ್ಬಾಕೆಯ ಬಗ್ಗೆ. ನಮ್ಮಿಬ್ಬರಿಗೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್. ಒಂದೇ ಬೀಗದ ಕೈಯನ್ನು ಇಬ್ಬರು ಇಟ್ಟುಕೊಂಡ ಹಾಗೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾವು ಮದರಾಸಿನ ತಿರುವಾನ್ಮಿಯೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆವು. ಯಜಮಾನರು ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬಿನಲ್ಲಿ ಹೊರಟು, ಮಗಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯುತ್ತಿತ್ತು. ಊಟದ ಮೇಜಿನ ಪಕ್ಕದಲ್ಲಿ ಹಳೆಯ ಪರದೆ ಕತ್ತರಿಸಿ ಹೊಲಿದ ಹೊದಿಕೆಯ ಕೆಳಗೆ ಕಂಪ್ಯೂಟರ್ ಇತ್ತು. ಹೊದಿಕೆ ತೆಗೆದು, ನಾಲ್ಕಾಗಿ ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದರೆ ಕೆಲಸ ಶುರುವಾಯಿತೆಂದೇ ಲೆಕ್ಕ.

ಆ ಕೆಲಸ ನನಗೆ ಸಿಕ್ಕಿದ್ದು ಮಗಳ ಶಾಲೆಯ ಗೇಟಿನ ಬಳಿ. ಮಗಳ ಸಹಪಾಠಿಯ ತಾಯಿಯೊಬ್ಬರು ತಮ್ಮ ಕಂಪನಿಯ ಪಾಂಪ್ಲೆಟ್ ಹಂಚುತ್ತಿದ್ದರು. ಕೈಯಲ್ಲಿ ಪೆನ್ನಿತ್ತು, ಕಾಗದದಲ್ಲಿ ತಪ್ಪಿತ್ತು. ಅಭ್ಯಾಸಬಲದಿಂದ ತಿದ್ದಿ, ಆಮೇಲೆ ನಾಚಿಕೆಯಾಗಿ ‘ಸಾರಿ’ ಎಂದೆ. ಅವರು ಕಾಗದವನ್ನೂ ನನ್ನನ್ನೂ ನೋಡಿ, ಗೋತ್ರ ಕೇಳುವ ದನಿಯಲ್ಲಿ, “ಕಾನ್ವೆಂಟಾ?” ಎಂದರು. ಹೌದೆಂದೆ. ಮೈಸೂರಿನಲ್ಲಿ ಹತ್ತು ಕ್ಲಾಸನ್ನೂ ಸಿಸ್ಟರ್‌ಗಳ ಕೈಕೆಳಗೇ ಓದಿದವಳು. ಆ ತಾಯಿಯೇ ನನ್ನ ಮೇಡಂ ಆದರು. ಪೆರುಂಗುಡಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಎರಡು ರೂಮಿನಲ್ಲಿ ಅವರು ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಪುಟಗಳ ಇಂಗ್ಲಿಷ್ ತಿದ್ದುವುದು ನನ್ನ ಪಾಲು.

ಪುಟಗಳು ಇರುತ್ತಿದ್ದುದು ಅಮೆರಿಕದ ಯಾವುದೋ ಊರಿನ ಕಂಪ್ಯೂಟರಿನಲ್ಲಿ. ಮೇಡಂ ಸೇರಿ ನಾವ್ಯಾರೂ ಅದನ್ನು ನೋಡಿದವರಲ್ಲ. ಮೇಡಂ ಹೇಳಿಕೊಟ್ಟ ಎಸ್‌ಎಸ್‌ಎಚ್ ಎಂದರೆ, ನಡುವೆ ಇರುವವರಿಗೆ ಕೇಳಿಸದ ಹಾಗೆ ಆ ದೂರದ ಕಂಪ್ಯೂಟರಿನ ಜೊತೆ ಮಾತಾಡುವ ದಾರಿ ಎಂದಷ್ಟೇ ನಾನು ತಿಳಿದುಕೊಂಡಿದ್ದೆ. ಮೊದಮೊದಲು ಫೈಲನ್ನು ಇಲ್ಲಿಗೆ ಇಳಿಸಿಕೊಂಡು, ತಿದ್ದಿ, ಮತ್ತೆ ಅಲ್ಲಿಗೆ ಏರಿಸುತ್ತಿದ್ದೆ. ಆಮೇಲೆ ಮೇಡಂ ಬಂದು ನಾನು ತಿದ್ದಲು ಬಳಸುತ್ತಿದ್ದ ಎಡಿಟರ್ ಪ್ರೋಗ್ರಾಮಿನಲ್ಲಿ ಏನೇನೋ ಒತ್ತಿ, ಅಲ್ಲಿನ ಫೈಲು ನೇರವಾಗಿ ಇಲ್ಲೇ ತೆರೆದುಕೊಳ್ಳುವಂತೆ ಮಾಡಿಕೊಟ್ಟರು. ಕರ್ಸರ್ ಮಿಣುಕುವುದು ತಿರುವಾನ್ಮಿಯೂರಿನಲ್ಲಿ, ಅಕ್ಷರ ಕೂರುವುದು ಅಮೆರಿಕದಲ್ಲಿ. ಸೇವ್ ಒತ್ತಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ. ಆ ಒಂದು ಕ್ಷಣದಲ್ಲಿ ನನ್ನ ಅಲ್ಪವಿರಾಮ ಸಮುದ್ರ ದಾಟುತ್ತಿದೆ ಎಂದುಕೊಂಡು ಕೈ ಎತ್ತಿ ಕಾಯುತ್ತಿದ್ದೆ. ಕಪ್ಪು ಕಿಟಕಿಯಲ್ಲಂತೂ ಇಂಟರ್‌ನೆಟ್ ಲೈನು ನಿಧಾನವಾಗಿದ್ದ ದಿನ ಬೆರಳು ಮುಂದೆ ಹೋಗಿ, ಅಕ್ಷರಗಳು ಹಿಂದೆ ಒಂದೊಂದಾಗಿ ನಡೆದು ಬರುತ್ತಿದ್ದವು.

ಅನುಕೂಲವೇ. ಆದರೆ ಅದರಲ್ಲೊಂದು ತೊಡಕಿತ್ತು. ಇಲ್ಲಿರುವುದು ಯಾವುದು, ಅಲ್ಲಿರುವುದು ಯಾವುದು ಎಂದು ನೋಟಕ್ಕೆ ತಿಳಿಯುತ್ತಿರಲಿಲ್ಲ. ಅದೇ ಅಕ್ಷರ, ಅದೇ ಬಿಳಿ. ಅದಕ್ಕೇ ಮೇಡಂ ಸರ್ವರಿನಲ್ಲಿ, ಅಂದರೆ ಆ ದೂರದ ಕಂಪ್ಯೂಟರಿನಲ್ಲಿ, ಎರಡು ಫೋಲ್ಡರ್ ಮಾಡಿಟ್ಟಿದ್ದರು. ಒಂದು ‘ಟ್ರಯಲ್’. ನಮ್ಮ ತಿದ್ದಾಟವೆಲ್ಲ ಅದರಲ್ಲಿ, ಅದು ಹೊರಗಿನವರಿಗೆ ಕಾಣದು. ಇನ್ನೊಂದು ‘ಲೈವ್’. ಅದರಲ್ಲಿ ಬರೆದದ್ದು ಆ ಕ್ಷಣವೇ ಊರಿಗೆಲ್ಲ ಕಾಣುವಂಥದ್ದು. ಎರಡರಲ್ಲೂ ಫೈಲಿನ ಹೆಸರು ಒಂದೇ. “ಲೈವ್‌ನಲ್ಲಿ ಏನಾದರೂ ಕೆಡಿಸಿದರೆ ಪಾಸ್‌ವರ್ಡ್ ವಾಪಸ್. ಯಾರೇ ಆಗಲಿ. ನನ್ನ ಚಿತ್ತಿ ಮಗಳೇ ಆಗಲಿ,” ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಚಿಕ್ಕಮ್ಮನ ಮಗಳೊಬ್ಬಳನ್ನು ನಿಜವಾಗಿಯೂ ಬಿಡಿಸಿದ್ದರಂತೆ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು, ಕೋಣೆಯಿಂದ ಎದ್ದು ಹೋಗುವಾಗ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಹೋಗದವರನ್ನು ವಾಪಸ್ ಕರೆದು, ಇನ್ನೊಮ್ಮೆ ಕೂರಿಸಿ, ಇನ್ನೊಮ್ಮೆ ಎಬ್ಬಿಸುತ್ತಿದ್ದರು. ಹಾಗಾಗಿ ನಾನು ಕೆಲಸ ಮುಗಿದಾಗ ‘ಎಕ್ಸಿಟ್’ ಎಂದು ಬರೆದೇ ಹೊರಗೆ ಬರುತ್ತಿದ್ದೆ. ಅಂಬತ್ತೂರಿನಾಕೆ ಹಾಗಲ್ಲ. ಕಿಟಕಿಯನ್ನೇ ಫಟ್ಟನೆ ಮುಚ್ಚಿ ಎದ್ದುಬಿಡುತ್ತಿದ್ದರು. ಒಳಗೆ ಯಾರಿದ್ದಾರೆಂದು ಸರ್ವರನ್ನು ಕೇಳಿದರೆ, ಅವರು ಎದ್ದು ಹೋಗಿ ಎಷ್ಟೋ ಹೊತ್ತಾದ ಮೇಲೂ, ಇನ್ನೂ ಅಲ್ಲೇ ಕೂತಿದ್ದಾರೆ ಎಂದೇ ಹೇಳುತ್ತಿತ್ತು. ಮನೆಯಲ್ಲಿ ಯಾರೋ ಕರೆದಿರಬೇಕು ಎಂದು ನಾನು ಊಹಿಸುತ್ತಿದ್ದೆ. ಊಹೆ ಸರಿಯಾಗಿತ್ತೆಂದು ಆಮೇಲೆ ತಿಳಿಯಿತು.

ಪುಟಗಳನ್ನು ಕಟ್ಟುವವರು ಅವರು, ಇಂಗ್ಲಿಷ್ ತಿದ್ದುವವಳು ನಾನು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಅನುಮಾನ ಬಂದ ಜಾಗದಲ್ಲೇ, ಟ್ರಯಲ್ ಪುಟದ ನಡುವೆಯೇ, ಒಬ್ಬರಿಗೊಬ್ಬರು ಚೀಟಿ ಬರೆದಿಡುತ್ತಿದ್ದೆವು. ‘ಈ ಫೋಟೋ ಇಲ್ಲಿ ಬೇಕೇ?’ ‘ಬೇಕು, ಅವರ ತಂದೆಯಂತೆ.’ ಓದಿ, ಉತ್ತರಿಸಿ, ಅಳಿಸಿ, ಪುಟ ಚೊಕ್ಕಟವಾದ ಮೇಲೆ ಅವರು ಅದನ್ನು ಲೈವ್‌ಗೆ ಸಾಗಿಸುತ್ತಿದ್ದರು. ಮೊದಲೆಲ್ಲ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆವು. ಒಂದು ದಿನ, ಒಂದು ನರ್ಸಿಂಗ್ ಹೋಮಿನ ಪುಟದಲ್ಲಿ, ಡಾಕ್ಟರರ ಡಿಗ್ರಿಗಳ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ, ತಮಿಳು ಬೆರೆತ ಕನ್ನಡ ಕಂಡಿತು.

“ನೀವು ಮೈಸೂರವ್ರು ಅಂತ ಮೇಡಂ ಸೊನ್ನಾಂಗ. ನಾವೂ ಕನ್ನಡಾನೇ. ಮನೇಲಿ ಮಾತ್ರ.”

ನಾನು ಜೋರಾಗಿ ನಕ್ಕೆನೆಂದು ಕಾಣುತ್ತದೆ. ಅಂದು ಶಾಲೆಗೆ ರಜೆಯಿದ್ದು ಮನೆಯಲ್ಲಿದ್ದ ಮಗಳು ಬಂದು, “ಅಮ್ಮಾ, ಯಾರ್ ಕಿಟ್ಟ ಪೇಸ್ರೆ?” ಎಂದಳು. ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ.

“ಯಾರ ಜೊತೇಲೂ ಇಲ್ವೇ. ಕಂಪ್ಯೂಟರ್ ಜೊತೆ.”

“ಕಂಪ್ಯೂಟರ್ ಜೋಕ್ ಸೊಲ್ಲುಮಾ?” ಎಂದು ತಲೆಯಾಡಿಸಿ ಹೋದಳು.

ಆಮೇಲಿನ ಚೀಟಿಗಳಲ್ಲಿ ಅವರು ತುಂಡುತುಂಡಾಗಿ ಬಂದರು. ಅಜ್ಜನ ಕಾಲದಲ್ಲೇ ಮದರಾಸಿಗೆ ಬಂದ ಮನೆತನ. ಹೊರಗೆಲ್ಲ ತಮಿಳು. ಹೆಸರೂ ತಮಿಳರ ಹೆಸರಿನ ಹಾಗೇ ಇದ್ದುದರಿಂದ, ಕನ್ನಡದವರೆಂದು ಮೇಡಂಗೆ ಗೊತ್ತೇ ಇರಲಿಲ್ಲ. ‘ಕೇಳಲಿಲ್ಲ, ಹೇಳಲಿಲ್ಲ’ ಎಂದು ಬರೆದಿದ್ದರು. ಮದುವೆಗೆ ಮುಂಚೆ ಟೈಪಿಸ್ಟ್ ಆಗಿದ್ದವರು. ಮದುವೆಯಾದ ಮೇಲೆ ಆಫೀಸು ಬೇಡ ಎಂದಿದ್ದರು ಮಾವ. ಓರಗಿತ್ತಿಯ ತಮ್ಮ ಮಾರಿ ಹೋದ ಕಂಪ್ಯೂಟರ್ ಮನೆಗೆ ಬಂದ ಮೇಲೆ, ಹೊಸ್ತಿಲು ದಾಟದೆ ಮಾಡುವ ಕೆಲಸ ತಾನೇ ಎಂದು ಮಾವ ಇದಕ್ಕೆ ಒಪ್ಪಿದ್ದರಂತೆ. ಅದೂ ಯಾವ ಗಲಾಟೆಯೂ ಇಲ್ಲದೆ ನಡೆಯುವವರೆಗೆ. ಫೋನು ಮಾವನ ರೂಮಿನಲ್ಲಿ, ಮೊಬೈಲು ಗಂಡನ ಜೇಬಿನಲ್ಲಿ. “ಇದೊಂದು ಹೋದ್ರೆ ಮಿಕ್ಸಿ, ಗ್ರೈಂಡರ್, ಇವೆರಡೇ ನನ್ನ ಮೆಷಿನ್ನು,” ಎಂದು ಒಂದು ಜವಳಿ ಅಂಗಡಿಯ ಪುಟದಲ್ಲಿ ಬರೆದಿದ್ದರು. ನಾನು ನಗಲಿಲ್ಲ. ‘ಹ್ಞೂಂ’ ಎಂದಷ್ಟೇ ಬರೆದು ಸೇವ್ ಒತ್ತಿದೆ. ಆ ‘ಹ್ಞೂಂ’ ಸಮುದ್ರ ದಾಟಿ ಹೋಗಿ, ಮತ್ತೆ ಸಮುದ್ರ ದಾಟಿ, ಇಪ್ಪತ್ತು ಮೈಲಿ ಆಚೆಯ ಅಂಬತ್ತೂರಿಗೆ ಬಂದಿರಬೇಕು.

ಲಾಸ್ಟ್ ಲಾಗಿನ್ ಓದುವ ಚಟ ಹತ್ತಿದ್ದು ಆಗ. ಅದರಲ್ಲಿರುವುದು ಅಲ್ಲಿಯ ಹೊತ್ತು. ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ ಓದಬೇಕು. ಕೊನೆಯಲ್ಲಿ ಬರುವ ಅಂಕಿಗಳ ಸಾಲು ನಮ್ಮ ಮನೆಯ ಲೈನಿನದಲ್ಲವಾದರೆ ಅವರದು. ಹೊತ್ತು ನೋಡಿಯೇ ಮನೆಯ ಸಂಗತಿ ಹೇಳಬಹುದಿತ್ತು. ಮಧ್ಯಾಹ್ನ ಮೂರಕ್ಕೆ ಬಂದಿದ್ದರೆ ಮಾವ ನಿದ್ದೆ ಮಾಡಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೇ ಬಂದಿದ್ದರೆ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾರೆ. ಎರಡು ದಿನ ಬಾರದಿದ್ದರೆ ನೆಂಟರು.

ಆ ವರ್ಷ ತಮಿಳರ ಆಷಾಢವಾದ ಆಡಿ ತಿಂಗಳು ಮುಗಿಯುವ ಹೊತ್ತಿಗೆ ಒಂದು ಕಲ್ಯಾಣ ಮಂಟಪದ ಕೆಲಸ ಬಂತು. ಆಡಿ ಕಳೆದರೆ ಮದುವೆಗಳ ಬುಕಿಂಗ್ ಶುರು, ಅಷ್ಟರೊಳಗೆ ಪುಟ ಆಗಬೇಕೆಂದು ಮಂಟಪದ ಮಾಲೀಕರ ಅವಸರ. ಮಂಟಪದ ಗೋಡೆಯ ಬೋರ್ಡಿನಲ್ಲಿ ಇದ್ದದ್ದನ್ನೇ ಕಳಿಸಿದ್ದರು: ಊಟದ ಹಾಲ್, ಪಾರ್ಕಿಂಗ್, ವಧುವಿನ ಕೋಣೆಗೆ ಏಸಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಜನರೇಟರ್ ಸೌಲಭ್ಯ. ಪುಟವನ್ನು ನಾನು ತಿದ್ದಿಯಾಗಿತ್ತು, ಅಂಬತ್ತೂರಿನಾಕೆ ಲೈವ್‌ಗೆ ಸಾಗಿಸಿಯೂ ಆಗಿತ್ತು. ಆಮೇಲೆ ಒಂದೆರಡು ಫೋಟೋ ಬದಲಿಸಲು ಅವರು ಮತ್ತೆ ಒಳಗೆ ಬಂದವರು ಆ ಜನರೇಟರ್ ಸಾಲನ್ನು ಆಗಲೇ ಸರಿಯಾಗಿ ಓದಿದ್ದು. ಓದಿ, ಕೆಳಗೇ ನನಗೊಂದು ಚೀಟಿ ಬರೆದರು. ಟ್ರಯಲ್ ಪುಟ, ಲೈವ್ ಪುಟ ಎರಡೂ ಎಡಿಟರ್‌ನಲ್ಲಿ ಅಕ್ಕಪಕ್ಕ ತೆರೆದಿದ್ದವು. ಬರೆಯುತ್ತಿದ್ದಾಗ ಮಾವ ಬಿಸಿನೀರು ಕೇಳಿದರಂತೆ. ಸೇವ್ ಒತ್ತಿ, ಕಿಟಕಿ ಮುಚ್ಚಿ, ಎದ್ದು ಹೋದರು.

ಚೀಟಿ ಹೋಗಿ ಕೂತದ್ದು ಲೈವ್‌ನಲ್ಲಿ.

ನಾನು ಅದನ್ನು ನೋಡಿದ್ದರೆ ಅಳಿಸಿರುತ್ತಿದ್ದೆ. ಆದರೆ ಆ ಎರಡು ದಿನ ಮಗಳಿಗೆ ಜ್ವರ. ಹೊದಿಕೆ ತೆಗೆದೇ ಇರಲಿಲ್ಲ. ಮೂರನೆಯ ದಿನ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಎಂದಿನ ‘ಹೌ ಆರ್ ಯೂ’ ಇರಲಿಲ್ಲ. “ಕೂಡಲೇ ಪೆರುಂಗುಡಿಗೆ ಬನ್ನಿ. ಮಂಟಪದವರು ಬಂದು ಕೂತಿದ್ದಾರೆ.”

ಮಗಳನ್ನು ಎದುರುಮನೆಯಲ್ಲಿ ಬಿಟ್ಟು ಬಸ್ ಹತ್ತಿದೆ. ರಸ್ತೆ ಅಗಲ ಮಾಡುತ್ತೇವೆಂದು ಆಗ ಆ ದಾರಿಯುದ್ದಕ್ಕೂ ಅಗೆದು ಹಾಕಿದ್ದರು. ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತುವಾಗ ಸೀರೆಯ ಅಂಚಿನಲ್ಲಿ ಕೆಂಪು ಮಣ್ಣು, ಮೂಗಿನಲ್ಲಿ ಟರ್ಪೆಂಟೈನ್ ವಾಸನೆ.

ಮೇಡಂ ಮೇಜಿನ ಹಿಂದೆ ನಿಂತಿದ್ದರು. ಕೂತಿದ್ದವರು ಬಿಳಿ ಪಂಚೆ, ತೋಳು ಮಡಿಸಿದ ಅಂಗಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿಯ ಹಿರಿಯರು. ಮೇಡಂ ಜೊತೆ ಅಪ್ಪಟ ತಮಿಳಿನಲ್ಲಿ ಮಾತಾಡುತ್ತಿದ್ದರು. ಮೇಡಂ ಒಂದು ಪ್ರಿಂಟ್ ನನ್ನ ಮುಂದಿಟ್ಟರು. ಗೋಪುರದ ಚಿತ್ರ, ಜೋಡಿ ಬಾಳೆಕಂಬ, ಅದರ ಕೆಳಗೆ ಜನರೇಟರ್ ಸೌಲಭ್ಯದ ಸಾಲು, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ:

“ಇದು ಸುಳ್ಳು ಕಣ್ರೀ. ಜನರೇಟರ್ರೂ ಇಲ್ಲ, ಒಂದೂ ಇಲ್ಲ. ನನ್ ತಂಗಿ ಮದುವೇಲಿ ಮುಹೂರ್ತದ ಟೈಮಿಗೆ ಕರೆಂಟ್ ಹೋಗಿ, ಗಂಡಿನ ಮಾಮ ಸ್ಕೂಟರ್ ಒಳಗೆ ತಂದು ಹೆಡ್‌ಲೈಟ್ ಹಾಕಿದ್ರು. ಈ ಸಾಲು ಬಿಡೋದಾ, ತೆಗೆಯೋದಾ? ನೀವೇ ಸೊಲ್ಲುಂಗ.”

“ಇದು ಕನ್ನಡ ತಾನೇ?” ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. “ನಮ್ಮಲ್ಲಿ ಕನ್ನಡ ಗೊತ್ತಿರುವುದು ನಿಮಗೊಬ್ಬರಿಗೇ. ಏನು ಬರೆದಿದ್ದೀರಿ, ಅವರ ಮುಂದೆ ಓದಿ ಅರ್ಥ ಹೇಳಿ. ಬರೆದವರ ಬಾಯಿಂದಲೇ ಕೇಳಬೇಕು ಅನ್ನುತ್ತಿದ್ದಾರೆ.”

ನಾನು ಕಾಗದ ಕೈಗೆತ್ತಿಕೊಂಡೆ. ಎಲ್ಲ ಅರ್ಥವಾಗಲು ಒಂದು ಉಸಿರು ಸಾಕಾಯಿತು. ನನಗೆ ತಂಗಿಯಿಲ್ಲ, ಮನೆಗೆ ಒಬ್ಬಳೇ ಮಗಳು ಎನ್ನುವುದು ಮೇಡಂಗೆ ಗೊತ್ತು. ಶಾಲೆಯ ಗೇಟಿನಲ್ಲಿ ನಿಂತು ಎಷ್ಟೋ ಸಲ ಹೇಳಿದ್ದೇನೆ. ಆ ‘ತಂಗಿ’ಯನ್ನು ಓದಿದರೆ ಬರೆದವಳು ನಾನಲ್ಲ ಎಂದಾಗುತ್ತದೆ. ನಾನಲ್ಲದಿದ್ದರೆ ಪಾಸ್‌ವರ್ಡ್ ಇರುವುದು ಇನ್ನೊಬ್ಬರ ಬಳಿ ಮಾತ್ರ. ಅಂಬತ್ತೂರಿನ ಆ ಮನೆಯಲ್ಲಿ ಗಲಾಟೆ ಎನ್ನುವುದು ಒಂದು ಸಲ ಆದರೆ ಸಾಕು. ನನಗೋ, ಕೆಲಸ ಹೋದರೆ ‘ಹೋಗ್ಲಿ ಬಿಡು’ ಎನ್ನುವ ಗಂಡ. ಅರ್ಧ ಹೇಳುವುದೂ ಸುಳ್ಳೇ ಎಂದು ಸಿಸ್ಟರ್ ಕಲಿಸಿದ್ದರು. ಆದರೆ ಪೂರ್ತಿ ಹೇಳಿದರೆ ಯಾರ ಮನೆಯ ಕಂಪ್ಯೂಟರಿಗೆ ಹೊದಿಕೆ ಬೀಳುತ್ತದೆ ಎಂದು ಅವರು ಕಲಿಸಿರಲಿಲ್ಲ.

“ಇದು ನಿಜವಲ್ಲ ಎಂದಿದೆ,” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. “ಜನರೇಟರ್ ಇಲ್ಲ. ಒಂದು ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಕರೆಂಟ್ ಹೋಗಿ, ಗಂಡಿನ ಸೋದರಮಾವ ಸ್ಕೂಟರ್ ಒಳಗೆ ತಂದು ದೀಪ ಹಾಕಿದರು. ಈ ಸಾಲನ್ನು ಬಿಡುವುದೋ ತೆಗೆಯುವುದೋ ಎಂದು ಕೇಳಿದೆ.”

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. “ಅಯ್ಯೋ ಕಡವುಳೇ.”

ಹಿರಿಯರು ಪಂಚೆಯ ಅಂಚನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಎಲ್ಲಾ ಚಂದ ಓದಿದ್ರಿ, ತಾಯಿ. ತಂಗೀನ ಯಾಕ್ ಬಿಟ್ರಿ?”

ಕನ್ನಡ. ಅದೂ ದಾವಣಗೆರೆ ಕಡೆಯದು. ಈ ಊರಿನಲ್ಲಿ ಕನ್ನಡ ಎಂದರೆ ಬಾಗಿಲು ಹಾಕಿಕೊಂಡು ಆಡಿದ ಮಾತು ಎಂದು ನಾವಿಬ್ಬರೂ ನಂಬಿದ್ದೆವು.

“ಏನಂದರು?” ಎಂದರು ಮೇಡಂ. ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ತಮಿಳಿನಲ್ಲಿ, “ಒಂದು ನಿಮಿಷಮ್ಮಾ, ನಾವು ಊರ ಕಡೆಯವರು ಮಾತಾಡಿಕೊಳ್ತೇವೆ,” ಎಂದು ಅವರನ್ನು ಸುಮ್ಮನಾಗಿಸಿ, ಮತ್ತೆ ನನ್ನ ಕಡೆ ನೋಡಿದರು.

“ನಿಮ್ಮ ತಂಗಿ ಅಲ್ಲ, ಹೌದಿಲ್ಲೋ?”

“ನನಗೆ ತಂಗಿ ಇಲ್ಲ.”

“ಮತ್ತೆ ಯಾರ ತಂಗಿ?”

“ದಯವಿಟ್ಟು ಅದನ್ನ ಕೇಳ್ಬೇಡಿ. ಕೇಳಿದ್ರೆ ನಾನು ಸುಳ್ಳು ಹೇಳೋಕ್ಕಾಗಲ್ಲ. ಹೇಳಿದ್ರೆ ಅವರ ಕೆಲಸ ಹೋಗತ್ತೆ.”

ಅವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಜೆಸಿಬಿಯೊಂದು ಮಣ್ಣು ಎತ್ತುತ್ತಿತ್ತು.

“ಆ ಮದುವಿ ನನಗೂ ನೆನಪೈತಿ. ಆ ಸ್ಕೂಟರ್ ಹೊಗಿಗೆ ಭಟ್ರು ಕೆಮ್ಮಿ ಕೆಮ್ಮಿ ಮಂತ್ರ ಹೇಳಿದ್ರು. ಮೊದ್ಲು ಜನರೇಟರ್ ಇತ್ತು, ತಾಯಿ. ಅಣ್ಣತಮ್ರು ಪಾಲಾದ್ವಿ. ಜನರೇಟರ್ ಅಣ್ಣನ ಪಾಲಿಗ್ ಹೋತು, ಬೋರ್ಡ್ ನನ್ನ ಪಾಲಿಗ್ ಬಂತು.” ನಗಲಿಲ್ಲ. ನಾನೂ ನಗಲಿಲ್ಲ. “ಬೋರ್ಡ್ ಅಳಸಾಕ ಮನಸ್ ಬರ್ಲಿಲ್ಲ. ಅಪ್ಪ ಬರಸಿದ್ದು.”

ಆಮೇಲೆ ಎದ್ದು, ಮೇಡಂಗೆ ತಮಿಳಿನಲ್ಲಿ ಹೇಳಿದರು: ಚೀಟಿಯ ಸಾಲು ತೆಗೆಯಿರಿ, ಜನರೇಟರ್ ಸಾಲನ್ನೂ ತೆಗೆಯಿರಿ, ನನ್ನಿಂದ ದೂರಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಇಳಿದರು.

ಅವರಿಗೆ ದೂರಿಲ್ಲದಿದ್ದರೂ ಮೇಡಂಗೆ ನಿಯಮವಿತ್ತು. ಅವರನ್ನು ನಾನು ತಪ್ಪೆನ್ನುವುದಿಲ್ಲ. ದಿನಾ ಹತ್ತು ಅಂಗಡಿಗಳ ಹೆಸರನ್ನು ಊರಿಗೆಲ್ಲ ತೋರಿಸುವವರು. “ನೀವು ಹೀಗೆ ಮಾಡುತ್ತೀರಿ ಅಂದುಕೊಂಡಿರಲಿಲ್ಲ,” ಎಂದಷ್ಟೇ ಹೇಳಿದರು. ಅಂದೇ ಪಾಸ್‌ವರ್ಡ್ ಬದಲಾಯಿತು.

ಆ ಮೇಲಿನ ದಿನಗಳಲ್ಲಿ ಬೆಳಿಗ್ಗೆ ಹೊದಿಕೆ ತೆಗೆಯುವುದು, ಮಡಿಸುವುದು, ಏನೂ ಇಲ್ಲವೆಂದು ನೆನಪಾಗಿ ಮತ್ತೆ ಹೊದಿಸುವುದು. ಯಜಮಾನರು ನಾನು ಎಣಿಸಿದಂತೆಯೇ ‘ಹೋಗ್ಲಿ ಬಿಡು’ ಎಂದರು. ತಿದ್ದುವ ಕೆಲಸ ಹೋದದ್ದಕ್ಕೆ ಬೇಸರವಿರಲಿಲ್ಲ. ಅಂಬತ್ತೂರಿನಲ್ಲಿ ಇವತ್ತು ಮಾವ ಮಲಗಿದರೋ ಇಲ್ಲವೋ, ಅತ್ತೆ ದೇವಸ್ಥಾನಕ್ಕೆ ಹೋದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದದ್ದನ್ನು ಅವರಿಗೆ ಹೇಳುವ ದಾರಿಯೂ ಇರಲಿಲ್ಲ. ಅವರ ಫೋನ್ ನಂಬರು ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದ ಅವರ ವಿಳಾಸ ಒಂದೇ, ಅದಕ್ಕೆ ಬೀಗ ಬಿದ್ದಿತ್ತು. ಒಂದು ಸಲ ಸುಮ್ಮನೆ ಹಳೆಯ ಪಾಸ್‌ವರ್ಡ್ ಕೊಟ್ಟು ನೋಡಿದೆ. ‘ಅನುಮತಿಯಿಲ್ಲ’ ಎಂದಿತು. ಮತ್ತೆ ನೋಡಲಿಲ್ಲ.

ವಾರ ಕಳೆದಿತ್ತೋ ಏನೋ, ಮೇಡಂ ಫೋನ್ ಬಂತು. “ಬನ್ನಿ. ಇಲ್ಲೊಬ್ಬರು ಕೂತಿದ್ದಾರೆ. ನೀವು ಬರುವವರೆಗೆ ಕಾಫಿ ಕೂಡ ಕುಡಿಯುವುದಿಲ್ಲ ಅನ್ನುತ್ತಿದ್ದಾರೆ.”

ನಾನು ಅಂಬತ್ತೂರಿನಾಕೆಯನ್ನು ಸಣ್ಣ ಮೈಯವರು, ಮೆಲ್ಲಗೆ ಮಾತಾಡುವವರು ಎಂದು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದೆ. ಕುರ್ಚಿಯಲ್ಲಿದ್ದವರು ನನಗಿಂತ ಒಂದು ಗೇಣು ಎತ್ತರ, ಅಗಲ ಭುಜ, ಮುಡಿಯಲ್ಲಿ ಬಾಡಿದ ಕನಕಾಂಬರ. ಅಂಬತ್ತೂರಿನಿಂದ ಎರಡು ಬಸ್ ಬದಲಿಸಿ ಬಂದಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು, ನಮಸ್ಕಾರವಿಲ್ಲ, ಏನಿಲ್ಲ:

“ಏನ್ರೀ ನೀವು, ನನ್ ತಂಗೀನ ಹಂಗೇ ವಿಟ್ಟುಬಿಡೋದಾ? ಅವಳಿಗೆ ಗೊತ್ತಾದ್ರೆ ಎಷ್ಟು ಬೇಜಾರ್ ಮಾಡ್ಕೋತಾಳೆ!”

ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. ಅವರದೋ ನನ್ನದೋ, ಈಗ ನೆನಪಿಲ್ಲ.

ಮೇಡಂ ಕೊಟ್ಟ ಹೊಸ ಪಾಸ್‌ವರ್ಡಿನೊಡನೆ ಒಳಗೆ ಹೋದ ಅವರು ಲಾಸ್ಟ್ ಲಾಗಿನ್ ನೋಡಿದ್ದಾರೆ. ದಿನವೂ ಅವರದೇ ಅಂಕಿ. ಓದುವ ಚಟ ನನಗೊಬ್ಬಳಿಗೇ ಎಂದುಕೊಂಡಿದ್ದೆ. ಮೇಡಂಗೆ ಫೋನ್ ಮಾಡಿ ‘ಮೈಸೂರಮ್ಮ ಎಲ್ಲಿ’ ಎಂದು ಕೇಳಿದಾಗ ವಿಷಯವೂ, ನಾನು ತಂಗಿಯನ್ನು ಬಿಟ್ಟು ಅರ್ಥ ಹೇಳಿದ್ದೂ ಗೊತ್ತಾಯಿತು. ಫೋನು ಇದ್ದದ್ದು ಮಾವನ ರೂಮಿನಲ್ಲಿ. ಆದ್ದರಿಂದ ಅವರು ಮೇಡಂಗೆ ‘ಅದು ನಾನು ಬರೆದದ್ದು’ ಎಂದದ್ದನ್ನು ಮಾವನೂ ಕೇಳಿಸಿಕೊಂಡರು.

“ಏನಂದ್ರು?” ಎಂದೆ.

“ಏನ್ ಅಂತಾರೆ? ಮದ್ವೇಲಿ ಅವರೂ ಇದ್ರು. ಆ ಕತ್ತಲೇಲಿ ಅವರ ಚಪ್ಪಲಿ ಕಾಣೆಯಾಗಿತ್ತು. ‘ಬರೆದದ್ದು ಸರಿ, ಬರೆದ ಜಾಗ ತಪ್ಪು. ಹೋಗಿ ಹೇಳಿ ಬಾ’ ಅಂದ್ರು. ಬಸ್ಸಿಗೆ ಚಿಲ್ಲರೇನೂ ಅವರೇ ಕೊಟ್ರು.” ಮೂಗು ಒರೆಸಿಕೊಂಡರು. “ಇಷ್ಟು ವರ್ಷ ಆ ಹೊಸ್ತಿಲಿಗೆ ಹೆದರಿಕೊಂಡಿದ್ದೆ. ಇಷ್ಟೇ ಎತ್ತರ ಇತ್ತು, ನೋಡಿ,” ಎಂದು ಕೈಯಲ್ಲಿ ಒಂದು ಚೋಟು ತೋರಿಸಿದರು.

ಮೇಡಂ ನಮ್ಮಿಬ್ಬರ ಮಾತು ಅರ್ಥವಾಗದೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಕಡೆಗೆ ತಮ್ಮ ತೀರ್ಮಾನ ಹೇಳಿದರು. ಇಬ್ಬರೂ ಇರಲಿ. ಆದರೆ ತಪ್ಪಿಗೆ ಮೂಲ ಒಂದೇ ಯೂಸರನ್ನು ಇಬ್ಬರಿಗೆ ಕೊಟ್ಟದ್ದು, ಅದು ತಮ್ಮದೇ ತಪ್ಪು. ಇನ್ನು ಮೇಲೆ ಬೇರೆ ಬೇರೆ ಯೂಸರ್, ಬೇರೆ ಬೇರೆ ಫೋಲ್ಡರ್. ಲೈವ್‌ಗೆ ಸಾಗಿಸುವುದು ಮೇಡಂ ಒಬ್ಬರೇ. ಅನುಮಾನವಿದ್ದರೆ ಫೋನ್ ಮಾಡಿ ಕೇಳಿಕೊಳ್ಳಿ.

ಯಾರಿಗೂ ಅನ್ಯಾಯವಿಲ್ಲದ ತೀರ್ಮಾನ. ನಾವಿಬ್ಬರೂ ತಲೆಯಾಡಿಸಿದೆವು. ಕಾಫಿ ಬಂತು, ಅವರು ಕುಡಿದರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ, ಅಗೆದ ರಸ್ತೆಯ ಧೂಳಿನಲ್ಲಿ ನಿಂತು, ಅವರು ಕರ್ಚೀಫಿನಿಂದ ಮುಖ ಮುಚ್ಚಿಕೊಂಡೇ ತಂಗಿಯ ಮಗುವಿನ ವಿಷಯ ಹೇಳಿದರು. ಅವರ ಬಸ್ಸು ಮೊದಲು ಬಂತು.

ಕೆಲಸ ಉಳಿಯಿತು. ಅಷ್ಟೇ ಅಲ್ಲ, ಅವರು ವಾರಕ್ಕೊಮ್ಮೆ ಪೆರುಂಗುಡಿಗೆ ಬಂದು ಕೂತು ಮಾಡತೊಡಗಿದರು. ಮಾವನ ರೂಮಿನ ಫೋನಿನಿಂದ ನನಗೆ ಆಗಾಗ ಕರೆ ಬರುತ್ತಿತ್ತು. ಆದರೆ ಫೋನಿನಲ್ಲಿ ಅವರು ಬೇರೆಯೇ. ‘ಹಲೋ’ ಆದ ಮೇಲೆ ನಾಲ್ಕು ಮಾತು ಕನ್ನಡ, ಆಮೇಲೆ ತಮಿಳಿಗೆ ಜಾರಿಬಿಡುತ್ತಿದ್ದರು. ನಾನೂ ತಮಿಳಿನಲ್ಲೇ ಉತ್ತರಿಸುತ್ತಿದ್ದೆ. ಡಿಗ್ರಿಯ ಸ್ಪೆಲಿಂಗ್, ಫೋಟೋದ ಅಳತೆ, ‘ಸರಿ ವೆಚ್ಚಿಡಟ್ಟುಮಾ?’ ಎಂದು ಫೋನ್ ಇಟ್ಟುಬಿಡುತ್ತಿದ್ದೆವು. ಆ ಕನ್ನಡ ಅವರ ಬೆರಳಿನಲ್ಲಿತ್ತೇ ಹೊರತು ನಾಲಿಗೆಯಲ್ಲಿರಲಿಲ್ಲ ಎಂದು ಕಾಣುತ್ತದೆ. ಒಮ್ಮೆ ಕೇಳಿದೆ, “ಈಗ ಯಾಕೆ ಮಿಕ್ಸಿ, ಗ್ರೈಂಡರ್ ಸುದ್ದಿ ಹೇಳೋದೇ ಇಲ್ಲ?” ಎಂದು. “ಪಕ್ಕದಲ್ಲೇ ಮಾವ ಇದಾರೆ,” ಎಂದು ಪಿಸುಗುಟ್ಟಿ ನಕ್ಕರು.

ಮಂಟಪದ ಪುಟದ ಇನ್ನೊಂದು ಕೆಲಸ ನನಗೇ ಬಂತು. ಮಾಲೀಕರು ಬಾಡಿಗೆ ಜನರೇಟರಿನ ಏರ್ಪಾಡು ಮಾಡಿಕೊಂಡಿದ್ದರು, ಅದನ್ನು ಇದ್ದ ಹಾಗೆ ಬರೆಯಲು ಹೇಳಿದ್ದರು. ಬೋರ್ಡನ್ನು ಮಾತ್ರ ಹಾಗೇ ಬಿಟ್ಟಿದ್ದರಂತೆ. ಬೆಳಿಗ್ಗೆ ಹೊದಿಕೆ ಮಡಿಸಿ, ಹೊಸ ಯೂಸರ್ ಕೊಟ್ಟು ಒಳಗೆ ಹೋದೆ. ಕಣ್ಣು ತಾನಾಗಿ ಆ ಸಾಲಿನ ಮೇಲೆ ಹೋಯಿತು. ಕಳೆದ ಸಲ ಬಂದವರು: ನಿನ್ನೆ, ನಮ್ಮ ಮನೆಯ ಅಂಕಿ. ನಾನೇ.

ಫೈಲು ತೆರೆದು, ‘ಕೋರಿದರೆ ಬಾಡಿಗೆ ಜನರೇಟರ್ ವ್ಯವಸ್ಥೆ ಮಾಡಲಾಗುವುದು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲೇ, ‘ಈಗ ನಿಜ ಕಣ್ರೀ’ ಎಂದು ಬರೆದೆ. ಅವರು ಈ ಫೋಲ್ಡರಿಗೆ ಬರುವಂತಿಲ್ಲ ಎಂದು ಗೊತ್ತಿತ್ತು. ಎಷ್ಟೋ ಹೊತ್ತು ಹಾಗೇ ಇಟ್ಟು, ಮಗಳ ವ್ಯಾನಿನ ಹಾರ್ನ್ ಕೇಳಿಸಿದಾಗ ಆ ಒಂದು ಸಾಲನ್ನು ಅಳಿಸಿ, ಸೇವ್ ಒತ್ತಿ, ‘ಎಕ್ಸಿಟ್’ ಎಂದು ಬರೆದು ಹೊರಗೆ ಬಂದೆ.